ನಲವತ್ಮೂರು ಕಡೆ ವಾಷರಣ್ಣ

ಇಂದ:
ಪ್ರಯೋಗಾಲಯ ಸಹಾಯಕಿ ಹಾಗೂ ಒಂಬತ್ತನೆಯ ವರ್ಷದ ಅರೆಕಾಲಿಕ ಸಂಶೋಧನಾರ್ಥಿ,
ಭೌತಶಾಸ್ತ್ರ ವಿಭಾಗ, ನೆಲಮಹಡಿ,
ಸೋರುವ ನಲ್ಲಿಯ ಪಕ್ಕದ ಮೇಜು.

ಗೆ:
ಮಾನ್ಯ ಕುಲಸಚಿವರು (ಮೌಲ್ಯಮಾಪನ),
ಆಡಳಿತ ಕಟ್ಟಡ, ಮೊದಲ ಮಹಡಿ,
ಸೋರುವ ನಲ್ಲಿಯ ಎದುರಿನ ಕೊಠಡಿ.

ವಿಷಯ: ಪಿಎಚ್.ಡಿ. ಪ್ರಬಂಧದಲ್ಲಿ ಸಮೀಕರಣ ಸಂಖ್ಯೆಗಳ ಬದಲಾಗಿ ಅಚ್ಚಾಗಿರುವ ೨೧೨ ಲೇಬಲ್‌ಗಳ ಪೈಕಿ ೨೧೧ನ್ನು ಸರಿಪಡಿಸಿರುವ ಬಗ್ಗೆ ಹಾಗೂ ಉಳಿದ ಒಂದನ್ನು ಸರಿಪಡಿಸದೇ ಇರಲು ಅನುಮತಿ ಕೋರಿ.

ಉಲ್ಲೇಖ:
೧. "ಪ್ರಬಂಧದಲ್ಲಿ ಕಂಡುಬಂದ ಅಸಂಬದ್ಧ ಪದಗಳ ಕುರಿತು" ಎಂಬ ತಮ್ಮ ಕಚೇರಿಯ ಜ್ಞಾಪನ.
೨. ಇಬ್ಬರು ಪರೀಕ್ಷಕರ ವರದಿಗಳು.
೩. ನಮ್ಮ ಅಡುಗೆಮನೆಯ ನಲ್ಲಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಜ್ಞಾಪನ ನನ್ನ ಕೈಸೇರಿದೆ. ಅದರಲ್ಲಿ ನನ್ನ ಪ್ರಬಂಧದ ೬೧ನೆಯ ಪುಟದ "ಸಮೀಕರಣ (ಅತ್ತೆ-ಹೋದರು)ರ ಪ್ರಕಾರ ಒತ್ತಡವು ಗಣನೀಯವಾಗಿ ಇಳಿಯುತ್ತದೆ" ಎಂಬ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಇದೇನು?" ಎಂದು ಕೇಳಲಾಗಿದೆ. ಹದಿನೈದು ದಿನಗಳೊಳಗೆ ಸಮಜಾಯಿಷಿ ಸಮೇತ ತಿದ್ದಿದ ಪ್ರತಿಯನ್ನು ಸಲ್ಲಿಸದಿದ್ದಲ್ಲಿ ನೋಂದಣಿಯನ್ನು ರದ್ದುಪಡಿಸಲಾಗುವುದೆಂದೂ ತಿಳಿಸಲಾಗಿದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

೧. ಅರ್ಜಿದಾರಳಾದ ನಾನು ನಲವತ್ತಾರು ವಯಸ್ಸಿನವಳಾಗಿದ್ದು, ಇಪ್ಪತ್ತೆರಡು ವರ್ಷಗಳಿಂದ ಲೋಲಕ, ಮಸೂರ, ಥರ್ಮಾಮೀಟರ್ ಇತ್ಯಾದಿಗಳನ್ನು ವಿದ್ಯಾರ್ಥಿಗಳಿಗೆ ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯುವ ಕೆಲಸದಲ್ಲಿದ್ದೇನೆ. ಅಂದು ನನ್ನಿಂದ ಲೋಲಕ ಈಸಿಕೊಂಡ ಹುಡುಗರು ಇಂದು ಪ್ರೊಫೆಸರುಗಳಾಗಿ ನನ್ನಿಂದಲೇ ಲೋಲಕ ಈಸಿಕೊಳ್ಳುತ್ತಿದ್ದಾರೆ. ಇದನ್ನು ನೋಡಿ ನೋಡಿ ಹೊಟ್ಟೆಕಿಚ್ಚಾದ ಕಾರಣ (ಅರ್ಜಿಯಲ್ಲಿ ಸುಳ್ಳು ಬರೆಯಬಾರದೆಂಬ ನಿಯಮವಿರುವುದರಿಂದ ಹೇಳುತ್ತಿದ್ದೇನೆ) ನಾನೂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದೆ. ಈವರೆಗೆ ಮೂರು ಸಲ ಅವಧಿ ವಿಸ್ತರಣೆ ಪಡೆದಿದ್ದೇನೆ. ನಾಲ್ಕನೆಯದಕ್ಕೆ ನಿಯಮದಲ್ಲಿ ಅವಕಾಶವಿಲ್ಲವೆಂದು ತಮ್ಮ ಕಚೇರಿಯ ಗುಮಾಸ್ತರು ಮೂರನೆಯದನ್ನು ಕೊಡುವಾಗಲೇ ಬಹಳ ಸಂತೋಷದಿಂದ ತಿಳಿಸಿದ್ದಾರೆ. ಕಾರಣ, ಈ ಅರ್ಜಿ ತಿರಸ್ಕೃತವಾದರೆ ನಾನು ನಿವೃತ್ತಿಯವರೆಗೂ ಲೋಲಕ ಎಣಿಸತಕ್ಕದ್ದು.

೨. ನನ್ನ ಸಂಶೋಧನೆಯ ವಿಷಯ "ಸೋರುವ ನಲ್ಲಿಯಿಂದ ಹನಿಗಳು ಬೀಳುವ ಕಾಲಾಂತರ". ಒಂದು ಹನಿಗೂ ಮುಂದಿನ ಹನಿಗೂ ನಡುವೆ ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಇದನ್ನು ಕೇಳಿ ನಗದೇ ಇದ್ದವರು ಇಲ್ಲಿಯವರೆಗೆ ಇಬ್ಬರೇ. ಒಬ್ಬರು ನನ್ನ ಮಾರ್ಗದರ್ಶಕರು. ಅವರು ಯಾವುದಕ್ಕೂ ನಗುವುದಿಲ್ಲ. ಇನ್ನೊಬ್ಬರ ವಿಷಯ ಮುಂದೆ ಬರುತ್ತದೆ.

೩. ಲೇಬಲ್ ಎಂದರೇನು ಎಂಬುದು ತಮ್ಮ ಕಚೇರಿಗೆ ತಿಳಿಯದೇ ಇರುವ ಸಾಧ್ಯತೆ ಇರುವುದರಿಂದ ವಿವರಿಸುತ್ತೇನೆ. ಗಣಿತವಿರುವ ಬರಹಗಳಿಗೆಂದೇ ಒಂದು ತಂತ್ರಾಂಶವಿದೆ. ಅದರಲ್ಲಿ ಪ್ರತಿ ಸಮೀಕರಣಕ್ಕೂ ಎರಡು ಗುರುತು: ಒಂದು ಸಂಖ್ಯೆ, ಒಂದು ಲೇಬಲ್. ಸಂಖ್ಯೆಯನ್ನು ತಂತ್ರಾಂಶವೇ ಕೊಡುತ್ತದೆ, ಲೇಬಲನ್ನು ನಾವು ಕೊಡಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿಗೆ ಒಂದು ಸಂಖ್ಯೆ ಇದ್ದರೆ ಮನೆಯಲ್ಲಿ ಕರೆಯಲು ಒಂದು ಹೆಸರಿರುತ್ತದಲ್ಲ, ಹಾಗೆ. ನಡುವೆ ಹೊಸ ಸಮೀಕರಣ ಬಂದರೆ ಸಂಖ್ಯೆಗಳೆಲ್ಲ ಒಂದೊಂದು ಮುಂದಕ್ಕೆ ಸರಿಯುತ್ತವೆ, ಆದರೆ ಕರೆಯುವ ಹೆಸರು ಹಾಗೇ ಇರುತ್ತದೆ. ಬರೆಯುವಾಗ "ಆ ಸಮೀಕರಣವನ್ನು ನೋಡಿ" ಎಂದು ಅದರ ಲೇಬಲ್ ಹಾಕಿದರೆ ಸಾಕು, ಅಚ್ಚಾಗುವಾಗ ಅಲ್ಲಿ ಆ ಹೊತ್ತಿನ ಸರಿಯಾದ ಸಂಖ್ಯೆ ಬಂದು ಕೂರುತ್ತದೆ. ಲೇಬಲ್ ಯಾರಿಗೂ ಕಾಣುವುದಿಲ್ಲ. ಕಾಣಬಾರದು. ಇದು ಮುಖ್ಯ.

೪. ಲೇಬಲ್‌ಗೆ ಏನು ಹೆಸರಿಡಬೇಕೆಂಬುದಕ್ಕೆ ನಿಯಮ ಒಂದೇ: ಒಂದು ಹೆಸರನ್ನು ಇಬ್ಬರಿಗೆ ಇಡಬಾರದು. ನಾನು ಮೊದಮೊದಲು ಮರ್ಯಾದೆಯಾಗಿ ಸಮೀ-೧, ಸಮೀ-೨, ಸಮೀ-೩ ಎಂದೇ ಇಟ್ಟೆ. ಆದರೆ ಮಾರ್ಗದರ್ಶಕರು ಆರಂಭದಲ್ಲೇ ಐದು ಹೊಸ ಸಮೀಕರಣಗಳನ್ನು ತುರುಕಿದ ಕಾರಣ ಸಮೀ-೧ ಎಂಬುದರ ಸಂಖ್ಯೆ ಆರಾಯಿತು, ಸಮೀ-೨ ಏಳಾಯಿತು. ಮರುದಿನ ಅವರೇ ಮೂರನ್ನು ತೆಗೆಸಿದರು. ಸಮೀ-೧ ಮೂರಾಯಿತು, ಸಮೀ-೩ ಯಾವುದೆಂದು ಕೇಳಿದರೆ ನನಗೆ ಅಳು ಬರತೊಡಗಿತು. ಆದ್ದರಿಂದ ಸಮೀಕರಣ ಹುಟ್ಟಿದ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುತ್ತಿತ್ತೋ ಅದನ್ನೇ ಅದರ ಹೆಸರಾಗಿ ಇಡುವುದೆಂದು ತೀರ್ಮಾನಿಸಿದೆ. ನಾನು ಪ್ರಬಂಧ ಬರೆದದ್ದು ಅಡುಗೆಮನೆಯ ಮೇಜಿನ ಮೇಲೆ. ಕಾರಣ, ಎರಡನೆಯ ಅಧ್ಯಾಯದಲ್ಲಿ (ಹಾಲು-ಉಕ್ಕಿತು), (ಹಾಲು-ಮತ್ತೆ-ಉಕ್ಕಿತು), (ಕರೆಂಟ್-ಹೋಯ್ತು) ಇವೆ. ಹತ್ತು ದಿನಕ್ಕೆಂದು ಬಂದ ನಮ್ಮ ಅತ್ತೆಯವರು ನಾಲ್ಕು ತಿಂಗಳು ಇದ್ದುದರಿಂದ ಮೂರನೆಯ ಅಧ್ಯಾಯ (ಅತ್ತೆ-ಬಂದರು) ಎಂದು ಆರಂಭವಾಗಿ (ಅತ್ತೆ-ಹೋದರು) ಎಂದು ಮುಗಿಯುತ್ತದೆ. ಇದನ್ನು ತಪ್ಪಾಗಿ ತಿಳಿಯಬಾರದು. ಆ ನಾಲ್ಕು ತಿಂಗಳು ಅಡುಗೆಯನ್ನೆಲ್ಲ ಅವರೇ ವಹಿಸಿಕೊಂಡಿದ್ದರಿಂದಲೇ ಅಷ್ಟು ದೊಡ್ಡ ಅಧ್ಯಾಯ ಆಗಿದ್ದು. ಮುಂದೆ (ಗೈಡ್-ಬೈದರು) ಎಂಬುದರಿಂದ ಹಿಡಿದು (ಗೈಡ್-ಬೈದರು-೧೧)ರವರೆಗೆ ಒಂದು ಸಾಲೇ ಇದೆ. ಕೊನೆಯ ಅಧ್ಯಾಯದಲ್ಲಿ (ಕೊನೆಯದು), (ನಿಜವಾಗಿ-ಕೊನೆಯದು), (ಇದೇ-ಕೊನೆ-ಆಣೆ) ಹಾಗೂ (ಆಣೆ-ಮುರಿದೆ) ಎಂಬ ನಾಲ್ಕು ಇವೆ.

೫. ಅಂಶ ??ರಲ್ಲಿ ಸವಿಸ್ತಾರವಾಗಿ ತಿಳಿಸಿರುವ (ಇವರ-ಗೊರಕೆ) ಸಮೀಕರಣದ ಬಗ್ಗೆ ಇಲ್ಲಿ ಪುನಃ ಹೇಳುವುದಿಲ್ಲ. ಅಂಶ ?? ಎಂದು ಬಂದಿರುವುದಕ್ಕೆ ತಾವು ಗಾಬರಿಯಾಗಬಾರದು. ಈ ಅರ್ಜಿಯನ್ನೂ ಅದೇ ತಂತ್ರಾಂಶದಲ್ಲಿ ಬರೆದಿದ್ದು, ಕನ್ನಡಕದ ಅಂಗಡಿ ನಡೆಸುವ ನಮ್ಮ ಯಜಮಾನರು ತಪ್ಪು ನೋಡಿಕೊಡುತ್ತೇನೆಂದು ಕೂತು ಆ ಅಂಶವನ್ನೇ ಇಡಿಯಾಗಿ ಅಳಿಸಿದ್ದಾರೆ. ಇದ್ದದ್ದನ್ನು ಅಳಿಸಿದರೆ ಅದನ್ನು ನೆನೆದ ಕಡೆಯಲ್ಲೆಲ್ಲ ತಂತ್ರಾಂಶ ಹೀಗೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಯಾರನ್ನು ಅಳಿಸಿದ್ದೀರಿ ಎಂದು ಅದು ಕೇಳುತ್ತದೆ, ಬಿಡುವುದಿಲ್ಲ. ಈ ಗುಣ ನನಗೆ ಇರಲಿಲ್ಲವೆಂಬುದು ಅಂಶ ೮ರಲ್ಲಿ ತಿಳಿದುಬರುತ್ತದೆ.

೬. ಇನ್ನು ಲೇಬಲ್‌ಗಳು ಅಚ್ಚಾದದ್ದು ಹೇಗೆಂಬ ಬಗ್ಗೆ. ಬರೆಯುವವರ ಅನುಕೂಲಕ್ಕಾಗಿ ತಂತ್ರಾಂಶದಲ್ಲಿ "ಲೇಬಲ್ ತೋರಿಸು" ಎಂಬ ಒಂದು ಸಣ್ಣ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಸಂಖ್ಯೆಗಳ ಜಾಗದಲ್ಲಿ ಲೇಬಲ್‌ಗಳೇ ಕಾಣುತ್ತವೆ. ಯಾವುದು ಯಾವುದೆಂದು ನೋಡಿಕೊಂಡು ಗುರುತನ್ನು ತೆಗೆಯಬೇಕು. ಸಲ್ಲಿಕೆಯ ಕೊನೆಯ ದಿನ (ಆಣೆ-ಮುರಿದೆ) ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲು ನಾನು ಗುರುತು ಹಾಕಿದೆ. ಅಷ್ಟರಲ್ಲಿ ಅಚ್ಚಿನ ಅಂಗಡಿಯವರು ಫೋನು ಮಾಡಿ, ಹೊದಿಕೆಯ ಮೇಲೆ "ಕಾಲಾಂತರ" ಎಂದು ಹಾಕಬೇಕೋ "ಕಾಲಂತರ" ಎಂದು ಹಾಕಬೇಕೋ ಎಂದು ಕೇಳಿದರು. ನಾನು ಕಡತವನ್ನು ಹಾಗೇ ಎತ್ತಿಕೊಂಡು ಓಡಿದೆ. ಅಂಗಡಿಯಲ್ಲಿ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಸಲ ಓದಿದೆ. ಓದಿದ್ದು ಹೊದಿಕೆಯನ್ನು. ಕಪ್ಪು ರಟ್ಟು, ಚಿನ್ನದ ಬಣ್ಣದ ಅಕ್ಷರ, ಒಂದು ದೀರ್ಘವೂ ತಪ್ಪಿರಲಿಲ್ಲ. ಒಳಗಿನ ೧೯೮ ಪುಟಗಳನ್ನು ಯಾರೂ ಓದುವುದಿಲ್ಲವೆಂಬ ನಂಬಿಕೆಯಿಂದ ಏಳು ಪ್ರತಿಗಳನ್ನು ತಮ್ಮ ಕಚೇರಿಗೆ ಐದು ಗಂಟೆಗೆ ನಾಲ್ಕು ನಿಮಿಷ ಇರುವಾಗ ಸಲ್ಲಿಸಿದೆ. ಎಂಟನೆಯದನ್ನು ಮನೆಗೆ ತಂದು ಊಟದ ಮೇಜಿನ ಮೇಲೆ, ಬಂದವರಿಗೆ ಕಾಣುವಂತೆ ಇಟ್ಟೆ.

೭. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಮ್ಮ ಜ್ಞಾಪನದಲ್ಲಿ "ನಲವತ್ಮೂರು ಕಡೆ ಕಂಡುಬರುವ ವಾಷರಣ್ಣ ಎಂಬ ವ್ಯಕ್ತಿ ಅಥವಾ ವಸ್ತು" ಎಂದು ನಮೂದಿಸಲಾಗಿದೆ. ವ್ಯಕ್ತಿ. ನಮ್ಮ ಬೀದಿಯ ನಲ್ಲಿ ರಿಪೇರಿಯವರು. ಅರವತ್ತರ ಮೇಲಿನ ವಯಸ್ಸು, ಎರಡು ಕಿಸೆಯ ತುಂಬ ರಬ್ಬರ್ ವಾಷರುಗಳು, ಆದ್ದರಿಂದ ಈ ಹೆಸರು. ನಾನು ಲೆಕ್ಕ ಹಾಕಿದಂತೆ ಹನಿಗಳು ಒಂದೇ ಸಮನೆ ಬೀಳಬೇಕಿತ್ತು. ಪ್ರಯೋಗಾಲಯದ ನಲ್ಲಿಯಾಗಲಿ ನಮ್ಮ ಅಡುಗೆಮನೆಯ ನಲ್ಲಿಯಾಗಲಿ ಇದಕ್ಕೆ ಒಪ್ಪಲಿಲ್ಲ. ಒಂದು ಹನಿ ಬೇಗ, ಒಂದು ತಡ, ಎರಡು ಬೇಗ, ಹೀಗೆ ಮೂರು ವರ್ಷ ನನ್ನನ್ನು ಆಟವಾಡಿಸಿದವು. ಮನೆಯವರಿಗೆ ಆ ಟಪ್ ಟಪ್ ಕೇಳಿ ಕೇಳಿ ತಲೆಕೆಟ್ಟು, ಒಂದು ಭಾನುವಾರ ಬೆಳಿಗ್ಗೆ ನನಗೆ ಹೇಳದೆ ವಾಷರಣ್ಣನನ್ನು ಕರೆಸಿದರು. ನಾನು ಸ್ಟಾಪ್‌ವಾಚ್ ಹಿಡಿದು ನಲ್ಲಿಗೆ ಅಡ್ಡ ನಿಂತೆ. ಮುಟ್ಟಕೂಡದು, ಎಣಿಕೆ ನಡೆಯುತ್ತಿದೆ ಎಂದೆ. ಅವರು ಪೆಟ್ಟಿಗೆ ಕೆಳಗಿಟ್ಟು ಕೇಳಿದರು: "ಅಮ್ಮಾ, ನನ್ನ ಕರೆಸಿದ್ದು ರಿಪೇರಿಗಾ, ಕಾವಲಿಗಾ?"

ನಾನು ನನ್ನ ಕಷ್ಟ ಹೇಳಿಕೊಂಡೆ. ಅವರು ನಗಲಿಲ್ಲ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು ಕಾಲುಗಂಟೆ ಆ ಸದ್ದನ್ನೇ ಕೇಳಿದರು. ಆಮೇಲೆ ಹೇಳಿದ ಮಾತನ್ನು ಯಥಾವತ್ತಾಗಿ ಕೆಳಗೆ ಕೊಟ್ಟಿದ್ದೇನೆ.

"ಬಿದ್ದ ಹನಿ ಬಿದ್ದು ಹೋಯ್ತಮ್ಮ. ನೀವು ಅದನ್ನೇ ಎಣಿಸ್ತಾ ಕೂತಿದೀರ. ನಲ್ಲಿ ಬಾಯಲ್ಲಿ ಒಂಚೂರು ಉಳ್ಕೊಂಡಿರತ್ತಲ್ಲ, ಅದು ಕೂಡ್ಲೆ ಸುಮ್ನಾಗಲ್ಲ. ಮೇಲೆ ಕೆಳಗೆ ಕುಣೀತಾನೇ ಇರತ್ತೆ. ಮುಂದಿನ ಹನಿ ಬೇಗ ಬೀಳ್ಬೇಕಾ ತಡ ಬೀಳ್ಬೇಕಾ ಅಂತ ಹೇಳೋದು ಅದು."

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ನಲವತ್ತು ವರ್ಷ ನಲ್ಲಿಗಳ ಕೆಳಗೇ ತಲೆ ಇಟ್ಟಿದ್ದೇನೆ, ಇನ್ನೇನು ಗೊತ್ತಿರುತ್ತದೆ ಎಂದರು. ಲೆಕ್ಕ ಮುಗಿದ ಮೇಲೆ ಹೇಳಿಕಳಿಸಿ, ಆಗ ಬಂದು ವಾಷರ್ ಹಾಕುತ್ತೇನೆ ಎಂದು ಪೆಟ್ಟಿಗೆ ಎತ್ತಿಕೊಂಡು ಹೋದರು. ನಾನು ಬೀಳುವ ಹನಿಯನ್ನು ಬಿಟ್ಟು ಉಳಿಯುವ ಹನಿಯ ಕುಣಿತವನ್ನು ಸಮೀಕರಣಕ್ಕೆ ಸೇರಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ವರ್ಷದ ಅಂಕಿಗಳು ತೆಪ್ಪಗೆ ಬಂದು ಗೆರೆಯ ಮೇಲೆ ಕೂತವು. ನಾನು ನಿಜವಾಗಿಯೂ ಕುಣಿದೆ. ಅದು ನಾಲ್ಕನೆಯ ಅಧ್ಯಾಯದ ಹನ್ನೆರಡನೆಯ ಸಮೀಕರಣ, ಪುಟ ೧೧೨. ಅದಕ್ಕೆ ಲೇಬಲ್ ಕೊಡಲು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅಲ್ಲಿಂದ ಮುಂದಿನ ಪ್ರಬಂಧವೆಲ್ಲ ನಿಂತಿರುವುದು ಅದರ ಮೇಲೆ.

೮. ಕೃತಜ್ಞತೆಯ ಪುಟದ ಬಗ್ಗೆ. ಮೊದಲ ಕರಡಿನಲ್ಲಿ ನಾನು ವಾಷರಣ್ಣನ ಬಗ್ಗೆ ಒಂದು ಸಾಲು ಬರೆದಿದ್ದೆ. ನನ್ನ ಮಾರ್ಗದರ್ಶಕರು ನನಗಿಂತ ಎಂಟು ವರ್ಷ ಚಿಕ್ಕವರು. ಅವರಿಗೆ ಮೊದಲ ಲೋಲಕ ಕೊಟ್ಟವಳು ನಾನೇ, ಆದ್ದರಿಂದ ಬೈಯುವಾಗಲೂ ನನ್ನನ್ನು ಬಹುವಚನದಲ್ಲೇ ಬೈಯುತ್ತಾರೆ. ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಅವರು ಕೇಳಿದರು: "ಮೇಡಂ, ಪ್ಲಂಬರ್ ಹೇಳಿದ್ದು ಅಂತ ಬರೆದ್ರೆ ಪರೀಕ್ಷಕರು ಯಾವ ವರ್ಷದ ಪ್ರಕಟಣೆ, ಎಷ್ಟನೇ ಪುಟ ಅಂತ ಕೇಳ್ತಾರೆ. ಏನು ಹೇಳ್ತೀರಾ?" ನಾನು ಅಲ್ಲೇ ಆ ಸಾಲನ್ನು ಅಳಿಸಿದೆ. ಒಂಬತ್ತು ವರ್ಷಗಳಲ್ಲಿ ನಾನು ಅಷ್ಟು ಬೇಗ ಮಾಡಿ ಮುಗಿಸಿದ ಕೆಲಸ ಅದೊಂದೇ. ಈಗ ಆ ಪುಟದಲ್ಲಿ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಅವರಿಗಿಂತ ಹಿಂದಿನ ಮುಖ್ಯಸ್ಥರು, ಗ್ರಂಥಾಲಯದವರು, ಯಜಮಾನರು, ಅತ್ತೆಯವರು ಮತ್ತು ಹೊದಿಕೆ ಅಚ್ಚು ಹಾಕಿದವರು ಇದ್ದಾರೆ. ಕೊನೆಯಲ್ಲಿ "ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ನೆರವಾದ ಎಲ್ಲರಿಗೂ" ಎಂದು ಬರೆದಿದ್ದೇನೆ. ವಾಷರಣ್ಣನನ್ನು ಆ ಪರೋಕ್ಷದೊಳಗೆ ಸೇರಿಸಿದ್ದೆ. ನನಗೆ ನಾಚಿಕೆಯಾಗುತ್ತದೆ. ಅರ್ಜಿಯಲ್ಲಿ ಹೀಗೆ ಬರೆಯಬಾರದೆಂದಿದ್ದರೆ ಕ್ಷಮಿಸಬೇಕು.

೯. ಪ್ರಬಂಧ ಸಲ್ಲಿಸಿ ಮೂರು ವಾರವಾದ ಮೇಲೆ, ಕೊಟ್ಟ ಮಾತಿನಂತೆ, ನಲ್ಲಿ ರಿಪೇರಿಗೆ ವಾಷರಣ್ಣನಿಗೆ ಹೇಳಿಕಳಿಸಿದೆ. ಅವರು ಬಂದು ಐದು ನಿಮಿಷದಲ್ಲಿ ವಾಷರ್ ಬದಲಾಯಿಸಿದರು. ಒಂಬತ್ತು ವರ್ಷದ ಸದ್ದು ನಿಂತಿತು. ನಾನು ಒಳಗೆ ಕಾಫಿ ಮಾಡುತ್ತಿದ್ದೆ, ಅವರು ಕೈಯನ್ನು ಎರಡೆರಡು ಸಲ ಪ್ಯಾಂಟಿಗೆ ಒರೆಸಿಕೊಂಡು ಮೇಜಿನ ಮೇಲಿದ್ದ ಪ್ರಬಂಧ ತೆಗೆದು ನೋಡತೊಡಗಿದರು. ಮನೆಗೆ ಬಂದವರೆಲ್ಲ ಇದುವರೆಗೆ ಹೊದಿಕೆಯನ್ನು ಸವರಿ ಭಾರ ಎಷ್ಟಿದೆ ಎಂದು ನೋಡಿ ಇಟ್ಟಿದ್ದರು. ಒಳಗೆ ತೆರೆದ ಮೊದಲ ಮನುಷ್ಯ ವಾಷರಣ್ಣ.

"ಅಮ್ಮಾ, ಇದರಲ್ಲಿ ನನ್ನ ಹೆಸರಿದೆ."

ಇರಲಿಕ್ಕಿಲ್ಲ ಎಂದುಕೊಂಡು ಬಂದು ನೋಡಿದೆ. ಪುಟ ತಿರುವಿದಂತೆ ಹಾಲು ಉಕ್ಕುತ್ತಿತ್ತು, ಅತ್ತೆ ಬರುತ್ತಿದ್ದರು, ಗೈಡ್ ಬೈಯುತ್ತಿದ್ದರು. ಒಂಬತ್ತು ವರ್ಷದ ನನ್ನ ಸಂಸಾರವೆಲ್ಲ ಏಳು ಪ್ರತಿಗಳಲ್ಲಿ ಕಪ್ಪು ರಟ್ಟು ಹಾಕಿಕೊಂಡು ತಮ್ಮ ಕಚೇರಿಯಲ್ಲಿ ಕೂತಿತ್ತು. ಇದೆಲ್ಲ ತಪ್ಪಿನಿಂದ ಆದದ್ದು ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

ಅಷ್ಟರಲ್ಲಿ ವಾಷರಣ್ಣ ಬೆರಳಿಟ್ಟು ಎಣಿಸಲು ಶುರುಮಾಡಿದ್ದರು. ಗಣಿತ ಅವರಿಗೆ ತಿಳಿಯದು, ಹೆಸರು ತಿಳಿಯುತ್ತದೆ. ೧೧೨ನೆಯ ಪುಟದಿಂದ ೧೯೮ರವರೆಗೆ ಒಂದೊಂದೇ ಪುಟ ತಿರುವಿ, ನಲವತ್ಮೂರು ಎಂದರು. ಆಮೇಲೆ ಹೇಳಿದರು: "ಎಷ್ಟು ಮನೆ ಹೊಕ್ಕಿದೀನೋ ಲೆಕ್ಕ ಇಲ್ಲ. ಎಲ್ಲಾ ಕಡೆ ನಲ್ಲಿಯೋನು ಬಂದ, ನಲ್ಲಿಯೋನು ಹೋದ, ಅಷ್ಟೇ. ಅವತ್ತು ನಾನು ಹೇಳಿದ್ದೇ ಅಲ್ವಾ ಇದು?"

"ಹೌದು ವಾಷರಣ್ಣ. ನೀವು ಹೇಳಿದ್ದೇ. ಅದಕ್ಕೇ ಹೆಸರು ಹಾಕಿದೀನಿ" ಎಂದೆ.

ಮೊದಲ ಎರಡು ವಾಕ್ಯ ಸತ್ಯ, ಮೂರನೆಯದು ಸುಳ್ಳು. ಇದನ್ನು ತಮ್ಮ ಕಡತದಲ್ಲಿ ದಾಖಲಿಸಿಕೊಳ್ಳಬಹುದು.

ಇನ್ನೊಂದನ್ನು ಹೇಳಬೇಕು. ನಾನು ಬರೆಯುವಾಗ "ಸಮೀಕರಣ (೪.೧೨)ರಿಂದ ತಿಳಿದುಬರುವಂತೆ" ಎಂದು ಸಂಖ್ಯೆಗೆ ಹೊಂದುವಂತೆ ಬರೆದಿದ್ದೆ. ಸಂಖ್ಯೆಯ ಜಾಗದಲ್ಲಿ ಹೆಸರು ಬಂದ ಕಾರಣ ಎಲ್ಲ ಕಡೆ "(ವಾಷರಣ್ಣ)ರಿಂದ ತಿಳಿದುಬರುವಂತೆ", "(ವಾಷರಣ್ಣ)ರ ಪ್ರಕಾರ" ಎಂದು ಅಚ್ಚಾಗಿದೆ. ನಾನು ಕೊಡಲು ಮರೆತ ಮರ್ಯಾದೆಯನ್ನು ತಂತ್ರಾಂಶ ಕೊಟ್ಟಿದೆ. ಅವರು ಅದನ್ನೂ ಗಮನಿಸಿದರು. ೧೧೨ನೆಯ ಪುಟದ ಜೆರಾಕ್ಸ್ ಬೇಕೆಂದು ಕೇಳಿ ಪಡೆದು, ಈಗ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ತಮ್ಮ ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾರೆ. ಯಾರ ಮನೆಗೆ ಹೋದರೂ ಪೆಟ್ಟಿಗೆ ತೆರೆಯಲೇಬೇಕಲ್ಲ, ಆದ್ದರಿಂದ ಬೀದಿಗೆಲ್ಲ ವಿಷಯ ತಿಳಿದಿದೆ. ಅವರ ಮನೆಯವರು ಮೊನ್ನೆ ಅಂಗಡಿಯಲ್ಲಿ ಸಿಕ್ಕಿ, ಇಷ್ಟು ವರ್ಷ ಪೈಪು ಹಿಡಿದು ಏನು ಕಡಿದು ಕಟ್ಟೆ ಹಾಕಿದ್ರಿ ಅಂತ ಇನ್ನು ಅವರನ್ನು ಕೇಳೋ ಹಾಗಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಮಾಡಿಕೊಂಡರು. ಸಿಟ್ಟಿನಲ್ಲೂ ಮುಖ ಅರಳಿತ್ತು.

೧೦. ತಮ್ಮ ಜ್ಞಾಪನ ಬಂದದ್ದು ಇದಾದ ನಾಲ್ಕನೆಯ ದಿನ. ಅದರೊಂದಿಗೆ ಲಗತ್ತಿಸಿದ್ದ ವರದಿಗಳನ್ನು ಓದಿದೆ. ಮೊದಲನೆಯ ಪರೀಕ್ಷಕರು "ವಾಷರಣ್ಣ ಎಂಬವರ ಮೂಲ ಲೇಖನ ಗ್ರಂಥಸೂಚಿಯಲ್ಲಿ ಇಲ್ಲ, ಇದು ಗಂಭೀರ ಲೋಪ" ಎಂದಿದ್ದಾರೆ. ಗಂಭೀರ ಲೋಪವೆಂಬುದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಎರಡನೆಯ ಪರೀಕ್ಷಕರು "ಪ್ರಬಂಧದಲ್ಲಿ ಹೊಸದೆಂದು ಹೇಳಬಹುದಾದ ವಿಚಾರ ವಾಷರಣ್ಣರದ್ದು ಮಾತ್ರ, ಅವರು ಯಾವ ಸಂಸ್ಥೆಯಲ್ಲಿದ್ದಾರೆ, ಅವರ ಇತರ ಪ್ರಕಟಣೆಗಳನ್ನು ಕಳುಹಿಸಿಕೊಡಿ" ಎಂದು ಬರೆದಿದ್ದಾರೆ. ಇದನ್ನೂ ಒಪ್ಪುತ್ತೇನೆ. ಇತರ ಪ್ರಕಟಣೆಗಳು ನಮ್ಮ ಬೀದಿಯ ಎಲ್ಲ ಮನೆಗಳಲ್ಲಿ ಸೋರದೇ ಇವೆ, ಬಂದು ನೋಡಬಹುದು.

ಮಾರ್ಗದರ್ಶಕರು ವರದಿಗಳನ್ನೂ (ಗೈಡ್-ಬೈದರು) ಸಾಲನ್ನೂ ಒಟ್ಟಿಗೇ ಓದಿದರು. ಇಷ್ಟು ಸಲ ಬೈದೆನಾ ಎಂದು ಕೇಳಿದರು. ಹನ್ನೊಂದು ಸಲ 'ಸಮೀಕರಣ ಹುಟ್ಟುವಂತೆ' ಬೈದಿರಿ, ಉಳಿದವುಗಳಿಗೆ ಲೇಬಲ್ ಕೊಟ್ಟಿಲ್ಲ ಎಂದೆ. ಅವರು ಜೀವಮಾನದಲ್ಲಿ ಮೊದಲ ಸಲ ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ. ಅತ್ತೆಯವರಿಗೂ ಫೋನಿನಲ್ಲಿ ಹೇಳಿದೆ, ಬೇರೆಯವರಿಂದ ತಿಳಿಯುವುದು ಬೇಡವೆಂದು. ಅವರು ಎರಡೂ ಸಮೀಕರಣಗಳನ್ನು ಓದಿಸಿಕೊಂಡು, "ನಾನು ಬಂದಾಗ ಪ್ಲಸ್ಸು, ಹೋದಾಗ ಮೈನಸ್ಸು. ಲೆಕ್ಕ ಸರಿಯಾಗೇ ಇದೆ ಕಣೇ" ಎಂದರು. ಇನ್ನು ಅವರಿಂದ ತಕರಾರು ಬರುವ ಸಂಭವವಿಲ್ಲ.

೧೧. ತಿದ್ದುಪಡಿಯ ಬಗ್ಗೆ. ಅಂಶ ೬ರಲ್ಲಿ ತಿಳಿಸಿದ ಚೌಕದ ಗುರುತನ್ನು ತೆಗೆದರೆ ಎಲ್ಲ ೨೧೨ ಲೇಬಲ್‌ಗಳೂ ಒಂದೇ ಏಟಿಗೆ ಸಂಖ್ಯೆಗಳಾಗುತ್ತವೆ. ಒಂದು ಕ್ಲಿಕ್ ಕೆಲಸ. ನಾನು ತೆಗೆದೆ. ಹಾಲು ಆರಿತು, ಅತ್ತೆ ಮಾಯವಾದರು, ಗೈಡ್ ಬಾಯಿ ಮುಚ್ಚಿದರು. ೧೧೨ನೆಯ ಪುಟದಲ್ಲಿ ೪.೧೨ ಎಂದು ಬಂತು. ಸರಿಯಾದ ಸಂಖ್ಯೆಯೇ. ನೋಡುತ್ತ ಕೂತೆ. ಆ ಪೆಟ್ಟಿಗೆಯ ಮುಚ್ಚಳದಲ್ಲಿರುವ ಪುಟ ಇನ್ನು ಯಾವ ಪುಸ್ತಕದಲ್ಲೂ ಇಲ್ಲದ ಪುಟವಾಗುತ್ತದೆಂದು ಹೊಳೆಯಿತು. ಅಂಶ ೮ರಲ್ಲಿ ಒಂದು ಸೆಕೆಂಡಿನಲ್ಲಿ ಅಳಿಸಿದವಳು ನಾನೇ, ಮತ್ತೆ ಅದೇ ಮನುಷ್ಯನನ್ನು ಅದೇ ಬೆರಳಿನಿಂದ ಅಳಿಸಿದ್ದೆ. ಈ ಸಲ ಪ್ರಶ್ನಾರ್ಥಕ ಚಿಹ್ನೆಗಳೂ ಬರಲಿಲ್ಲ.

ಯಾವುದಾದರೂ ಒಂದು ಸಮೀಕರಣಕ್ಕೆ ಸಂಖ್ಯೆಯ ಬದಲು ಹೆಸರನ್ನೇ ಅಚ್ಚು ಹಾಕಲು ಆ ತಂತ್ರಾಂಶದಲ್ಲಿ ಅವಕಾಶವಿದೆ. ಆದರೆ ಹಾಗೆ ಒಂದನ್ನು ಸಾಲಿನಿಂದ ಹೊರಗೆ ತೆಗೆದರೆ ಅದರ ನಂತರದವೆಲ್ಲ ಒಂದೊಂದು ಕೆಳಗೆ ಇಳಿದು, ೪.೧೩ ಇದ್ದದ್ದು ೪.೧೨ ಆಗಿ, ಅವುಗಳ ಬಗ್ಗೆ ನಾನು ಹಿಂದೆ ಸೋಮಾರಿತನದಿಂದ ಕೈಯಲ್ಲೇ ಟೈಪು ಮಾಡಿದ್ದ ಸಂಖ್ಯೆಗಳೆಲ್ಲ ತಪ್ಪಾದವು. ಅವನ್ನು ಹುಡುಕಿ ಸರಿಮಾಡಲು ಮೂರು ದಿನ ರಜೆ ಹಾಕಬೇಕಾಯಿತು. ಒಟ್ಟಿನಲ್ಲಿ ೨೧೧ನ್ನು ತಿದ್ದಲು ಒಂದು ಕ್ಲಿಕ್, ಒಂದನ್ನು ತಿದ್ದದೇ ಇರಲು ಮೂರು ದಿನ. ಇದು ಅಚಾತುರ್ಯವಲ್ಲ, ಉದ್ದೇಶಪೂರ್ವಕ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೃತಜ್ಞತೆಯ ಪುಟದಲ್ಲಿ ಅಳಿಸಿದ ಸಾಲನ್ನೂ ವಾಪಸು ಹಾಕಿದ್ದೇನೆ. ಈ ಸಲ ಮಾರ್ಗದರ್ಶಕರು ಅದರ ಮೇಲೆ ಪೆನ್ಸಿಲ್ ಇಡಲಿಲ್ಲ, ಕೆಳಗೆ ಸಹಿ ಇಟ್ಟಿದ್ದಾರೆ.

೧೨. ಸಮೀಕರಣಕ್ಕೆ ಮನುಷ್ಯರ ಹೆಸರಿರುವುದು ನಿಯಮಬಾಹಿರ ಎಂದು ತಮ್ಮ ಗುಮಾಸ್ತರು ಟಿಪ್ಪಣಿ ಹಾಕಬಹುದು. ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಹೆಸರಿರುವ ನಿಯಮಗಳು ಹತ್ತೊಂಬತ್ತಿವೆ, ಒಂದಕ್ಕೂ ಬರೀ ಸಂಖ್ಯೆ ಇಲ್ಲ. ಆ ಹತ್ತೊಂಬತ್ತು ಜನರ ಮೇಲೂ ನನಗೆ ಗೌರವವಿದೆ. ಆದರೆ ಅವರಲ್ಲಿ ಒಬ್ಬರೂ ನಮ್ಮ ಅಡುಗೆಮನೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತವರಲ್ಲ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ಸಮೀಕರಣ (ವಾಷರಣ್ಣ) ಹೆಸರನ್ನು ಪ್ರಬಂಧದ ನಲವತ್ಮೂರು ಕಡೆಯೂ ಇದ್ದಂತೆಯೇ ಉಳಿಸಿಕೊಳ್ಳಲು ಅನುಮತಿ ದಯಪಾಲಿಸಬೇಕು.

(ಆ) ಪ್ರಕಟಣೆಯ ವಿವರ ಬೇಕೇಬೇಕೆಂದಾದಲ್ಲಿ "ಅಡುಗೆಮನೆ, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ" ಎಂಬುದನ್ನು ಸ್ವೀಕರಿಸಬೇಕು.

(ಇ) ಇವೆರಡೂ ಸಾಧ್ಯವಿಲ್ಲವಾದಲ್ಲಿ, ಅವರ ಹೆಸರು ಅಚ್ಚಾಗಿದ್ದು ತಪ್ಪಿನಿಂದ ಎಂಬ ವಿಷಯವನ್ನು ವಾಷರಣ್ಣನವರಿಗೆ ಖುದ್ದಾಗಿ ತಿಳಿಸಿ, ಪೆಟ್ಟಿಗೆಯ ಮುಚ್ಚಳದಿಂದ ಆ ಪುಟವನ್ನು ಕಿತ್ತು ತರಲು ತಮ್ಮ ಕಚೇರಿಯಿಂದ ಒಬ್ಬ ಜವಾಬ್ದಾರಿಯುತ ಅಧಿಕಾರಿಯನ್ನು ನೇಮಿಸಬೇಕು. ಅದು ನನ್ನಿಂದ ಆಗುವುದಿಲ್ಲ. ನೋಂದಣಿ ರದ್ದಾದರೂ ಆಗುವುದಿಲ್ಲ. ಲೋಲಕ ಎಣಿಸುವುದು ನನಗೆ ಗೊತ್ತಿರುವ ಕೆಲಸವೇ.

ಒಂಬತ್ತು ವರ್ಷಗಳಿಂದಲೂ, ತಾವು ಕೊಟ್ಟ ಹದಿನೈದು ದಿನಗಳ ಮಟ್ಟಿಗೂ,

ತಮ್ಮ ವಿಶ್ವಾಸಿ,
(ಸಹಿ)
ಪ್ರಯೋಗಾಲಯ ಸಹಾಯಕಿ

ಲಗತ್ತುಗಳು:
೧. ತಿದ್ದಿದ ಪ್ರಬಂಧ, ಏಳು ಪ್ರತಿ. (ಒಳಗೂ ಓದಿದ್ದೇನೆ.)
೨. ಮಾರ್ಗದರ್ಶಕರ ಒಪ್ಪಿಗೆ ಪತ್ರ. ನಗುವಾಗ ಸಹಿ ಮಾಡಿದ್ದರಿಂದ ಸಹಿ ಸ್ವಲ್ಪ ಅಲುಗಾಡಿದೆ.
೩. ನಮ್ಮ ಅಡುಗೆಮನೆಯ ನಲ್ಲಿಯಿಂದ ತೆಗೆದ ಹಳೆಯ ರಬ್ಬರ್ ವಾಷರ್, ಒಂದು. ಮೂಲಪ್ರತಿ. ನೋಡಿ ಹಿಂತಿರುಗಿಸುವುದು.
೪. ಅಂಶ ??. ಯಜಮಾನರಿಗೆ ತಿಳಿಯದಂತೆ ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ.

ವಿಶೇಷ ಸೂಚನೆ: ಈ ಅರ್ಜಿಯನ್ನು ಸಲ್ಲಿಸಲು ಮೊದಲ ಸಲ ಬಂದಾಗ ತಮ್ಮ ಕೊಠಡಿಯ ಎದುರಿನ ಬೆಂಚಿನ ಮೇಲೆ ಮೂರು ಗಂಟೆ ಕೂರಿಸಲಾಗಿತ್ತು. ಆ ಅವಧಿಯಲ್ಲಿ ಎದುರಿನ ಕೈತೊಳೆಯುವ ನಲ್ಲಿಯಿಂದ ೭,೪೧೬ ಹನಿಗಳು ಬಿದ್ದವು. ಕೆಳಗಿಟ್ಟಿದ್ದ ಬಕೆಟ್ ತುಂಬಿ ತುಳುಕಿ, ನೀರು ತಮ್ಮ ಬಾಗಿಲ ಕಡೆಗೆ ಹರಿಯುತ್ತಿದೆ. ವಾಷರ್ ಪೂರ್ತಿ ಸವೆದಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಸರಿಪಡಿಸಲು ಯಾರನ್ನು ಕರೆಸಬೇಕೆಂಬುದಕ್ಕೆ ಪ್ರಬಂಧದ ಪುಟ ೧೧೨ ನೋಡುವುದು. ಅಲ್ಲಿ ಸಂಖ್ಯೆ ಇದ್ದರೆ ಯಾರೂ ಬರುವುದಿಲ್ಲ.